ಪ್ರೋಟೀನುಗಳ ನಂಟು, ಸಿಲಿಕಾನ್ ತಂತಿಯ ಸಾಕ್ಷಿ



ಮುಂಡಗೋಡ ತಾಲೂಕಿನ ಸನವಳ್ಳಿ ಜಲಾಶಯದ ಸುತ್ತಿನವರಿಗೆ ತೂಬಿನ ಕೆಲಸ ಹೇಳಿಕೊಡಬೇಕಿಲ್ಲ. ಬಾಗಿಲು ತುಸು ಎತ್ತಿದರೆ ಕಾಲುವೆಗೆ ನೀರು ಹೆಚ್ಚುತ್ತದೆ, ಇಳಿಸಿದರೆ ತಗ್ಗುತ್ತದೆ. ಟ್ರಾನ್ಸಿಸ್ಟರ್ ಮಾಡುವುದೂ ಇದನ್ನೇ. ಅಲ್ಲಿ ಹರಿಯುವುದು ವಿದ್ಯುತ್ತು, ಬಾಗಿಲು ಆಡಿಸುವುದು ವಿದ್ಯುದಾವೇಶ. 1970ರಲ್ಲಿ ನೆದರ್ಲೆಂಡ್ಸಿನ ಪೀಟ್ ಬರ್ಗ್‌ವೆಲ್ಡ್ ಲೋಹದ ಬಾಗಿಲನ್ನು ತೆಗೆದು ಆ ಜಾಗಕ್ಕೆ ದ್ರಾವಣವನ್ನೇ ತಂದರು. ದ್ರಾವಣದ ಅಯಾನುಗಳೇ, ಅಂದರೆ ಆವೇಶ ಹೊತ್ತ ಕಣಗಳೇ, ವಿದ್ಯುತ್ತನ್ನು ಏರಿಳಿಸತೊಡಗಿದವು.

ಪ್ರೋಟೀನಿಗೂ ಆವೇಶ ಉಂಟು. ಆದರೆ ಅತಿ ಅಲ್ಪ. ಅದನ್ನು ಗುರುತಿಸಲು ವಿದ್ಯುತ್ತಿನ ದಾರಿ ತೀರಾ ಕಿರಿದಾಗಿರಬೇಕು. 2001ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಲೀಬರ್ ತಂಡ ನ್ಯಾನೋಮೀಟರುಗಳಲ್ಲಿ ಅಳೆಯುವಷ್ಟು ಸಣ್ಣ ಸಿಲಿಕಾನ್ ತಂತಿಗೆ ಬಯೋಟಿನ್ ಎಂಬ ಜೀವಸತ್ವವನ್ನು ಅಂಟಿಸಿತು. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ಸ್ಟ್ರೆಪ್ಟಾವಿಡಿನ್ ಪ್ರೋಟೀನು ಬಂದು ಬಯೋಟಿನ್ನನ್ನು ಹಿಡಿದದ್ದೇ ತಡ, ತಂತಿಯ ವಿದ್ಯುತ್ತು ಬದಲಾಯಿತು. ಗುರುತಿಗೆಂದು ಪ್ರೋಟೀನಿಗೆ ಹೊಳೆಯುವ ಬಣ್ಣ ಹಚ್ಚುವ ಹಂಗೇ ಇಲ್ಲ. ಇದು ಸಣ್ಣ ಲಾಭವಲ್ಲ. ಹಚ್ಚಿದ ಬಣ್ಣವೇ ಕೆಲವೊಮ್ಮೆ ಪ್ರೋಟೀನಿನ ನಡತೆಯನ್ನು ಕೆಡಿಸುತ್ತದೆ.

ನನ್ನ ಮಟ್ಟಿಗೆ ಇನ್ನೂ ದೊಡ್ಡದು 2012ರ ಕೆಲಸ. ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ರೀಡ್ ಮತ್ತು ಸಂಗಡಿಗರು ಇಂಥ ತಂತಿಗಳಿಂದ ಪ್ರೋಟೀನುಗಳ ಕೂಡಿಕೆಯ ವೇಗವನ್ನೂ ಬಿಡಿಕೆಯ ವೇಗವನ್ನೂ ಲೆಕ್ಕ ಹಾಕಿದರು. ಕೂಡಿದವೇ ಇಲ್ಲವೇ ಎಂದು ತಿಳಿದರೆ ಸಾಲದು, ಎಷ್ಟು ಹೊತ್ತು ಬಿಡದೆ ಇರುತ್ತವೆ ಎಂಬುದೂ ಬೇಕು. ಔಷಧವೊಂದು ತನ್ನ ಗುರಿಯ ಪ್ರೋಟೀನನ್ನು ಹಿಡಿದು ಕ್ಷಣದಲ್ಲೇ ಕೈಬಿಟ್ಟರೆ ಏನು ಪ್ರಯೋಜನ?

ತೊಡಕು ಇರುವುದು ಉಪ್ಪಿನಲ್ಲಿ. ರಕ್ತದಲ್ಲಿರುವಷ್ಟು ಉಪ್ಪಿದ್ದರೆ ಅದರ ಅಯಾನುಗಳು ಪ್ರೋಟೀನನ್ನು ಮುತ್ತಿ ಆವೇಶವನ್ನು ಮರೆಮಾಡುತ್ತವೆ. ಒಂದು ನ್ಯಾನೋಮೀಟರಿನ ಆಚೆಗೆ ತಂತಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಪ್ರೋಟೀನನ್ನು ಹಿಡಿಯಲೆಂದು ತಂತಿಗೆ ಅಂಟಿಸುವ ಪ್ರತಿಕಾಯವೊಂದರ ಉದ್ದವೋ ಸುಮಾರು ಹತ್ತು ನ್ಯಾನೋಮೀಟರ್! ಹಾಗಾಗಿ ಉಪ್ಪು ಕಡಿಮೆ ಮಾಡಿ ಅಳೆಯುತ್ತಾರೆ. ಆ ತೆಳು ದ್ರಾವಣದಲ್ಲಿ ಪ್ರೋಟೀನು ಮೈಯೊಳಗಿನಂತೆಯೇ ವರ್ತಿಸೀತೇ? ಒಂದು ಹನಿ ರಕ್ತದಿಂದ ಎಲ್ಲ ರೋಗ ಹೇಳುತ್ತೇವೆ ಎನ್ನುವವರನ್ನು ಈ ಪ್ರಶ್ನೆ ಕೇಳಿ ನೋಡಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ನವಕಾಂತ ಭಟ್ಟರು ಹಿಡಿದ ದಾರಿ ಬೇರೆ, ಅದು ವಿದ್ಯುದ್ರಾಸಾಯನಿಕ ವಿಧಾನ. ಅವರ ಜೈವಿಕ ಸಂವೇದಕಗಳಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಸಂದಿದೆ. ಅವರ ತಂಡದ ಕೈಯಳತೆಯ ಉಪಕರಣ ಮೂತ್ರದಲ್ಲಿ ಸೋರಿದ ಆಲ್ಬುಮಿನ್ ಎಂಬ ಪ್ರೋಟೀನನ್ನು ಅಳೆದು ಮೂತ್ರಪಿಂಡದ ಸುದ್ದಿ ಹೇಳುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನೂ ಅಳೆಯುತ್ತದೆ. ಆ ಸಕ್ಕರೆ ಸುಲಭಕ್ಕೆ ಬಿಡುವಂಥದ್ದಲ್ಲ. ಆದ್ದರಿಂದಲೇ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ವೈದ್ಯರಿಗೆ ಅದರಿಂದ ಸಿಗುತ್ತದೆ.