ಸಾದಾ ಪರದೆಯ ಮೇಲೆ ಕಸೂತಿ
(ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾಡು ನುಡಿಗಳ ವಿಷಯವಾಗಿ ಬಲ್ಲವರು ಮಾತನಾಡುವ ವೇದಿಕೆಯಿದು. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವ ನಾವು ಇಲ್ಲಿ ನಿಂತು ಪರದೆಯ ಮಾತೆತ್ತಿದರೆ ಕೆಲವರಿಗೆ ನಗು ಬಂದೀತು. ಬರಲಿ, ಅಡ್ಡಿಯಿಲ್ಲ.

ತಂದೆಯವರು ತೀರಿಕೊಂಡ ಮೇಲೆ ಧಾರವಾಡದ ಮನೆಗೆ ಬೀಗ ಹಾಕಿ ಅವ್ವನನ್ನು ಡೊಂಬಿವಲಿಗೆ ಕರೆತಂದೆವು. ಇಲ್ಲಿ ನಮಗಿರುವುದು ಒಂದು ನಡುಮನೆ, ಒಂದು ಕೋಣೆ, ಅಡಿಗೆಮನೆ. ನಡುಮನೆಯ ಮೂಲೆಗೆ ಬಿಳಿಯ ಸಾದಾ ಪರದೆಯೊಂದನ್ನು ಇಳಿಬಿಟ್ಟು, ಇದೇ ನಿನ್ನ ಕೋಣೆ ಎಂದೆವು. "ದವಾಖಾನಿ ಪರದಿ ಇದ್ದಂಗ ಐತಲ್ಲೋ ತಮ್ಮಾ" ಎಂದಳು. ಆ ಮೇಲೆ ಮೂರು ತಿಂಗಳು ಅವಳ ಬಾಯಿಂದ ಹೆಚ್ಚು ಮಾತೇ ಹೊರಡಲಿಲ್ಲ. ನೆರೆಹೊರೆಯವರ ಮರಾಠಿ ಅವಳಿಗೆ ತಿಳಿಯದು. ನಮ್ಮ ಮಗಳ ಕನ್ನಡವೋ ಅರೆಬರೆ.

ಒಂದು ಭಾನುವಾರ ತಾನಾಗಿಯೇ ಸೂಜಿ, ಕೆಂಪು ದಾರ ಕೇಳಿದಳು. ಪರದೆಯನ್ನು ಬೆಳಕಿಗೆ ಹಿಡಿದು ನೋಡಿ, ಇದರ ಎಳೆ ಎಣಿಸಲಾಗದು ಎಂದು ಕೆಳಗಿಟ್ಟಳು. ಅದು ಪಾಲಿಯೆಸ್ಟರ್ ಬಟ್ಟೆ. ಕಸೂತಿಗೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಆದ್ದರಿಂದ ನೇಯ್ಗೆ ಬಿಡಿಯಾಗಿ ಕಾಣುವ ದಪ್ಪ ಹತ್ತಿಬಟ್ಟೆ ತಂದೆವು. ಬಟ್ಟೆಯ ಅಗಲ ಪರದೆಯ ಸರಳಿನ ಉದ್ದಕ್ಕಿಂತ ಎರಡು ಪಟ್ಟು ಇರಲಿ, ಇಲ್ಲದಿದ್ದರೆ ನೆರಿಗೆ ಬೀಳದು.

ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗಿ, ಮೆಂಥಿ. ಪರದೆಗೆ ಮೊದಲಿನ ಎರಡೇ ಒಪ್ಪುತ್ತವೆ ಎಂದು ಅವ್ವನ ತೀರ್ಪು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಬಿಟ್ಟು ಹೋಗುತ್ತದೆ, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ಗಂಟು ಹಾಕುವುದಿಲ್ಲ; ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸುವುದು. ಮುರಗಿಯೂ ಹೀಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎರಡರಲ್ಲೂ ಒಳಮೈ ಹೊರಮೈ ಒಂದೇ. ಮನೆಯ ನಡುವೆ ತೂಗುವ ಪರದೆಗೆ ಇದಕ್ಕಿಂತ ತಕ್ಕದ್ದಾವುದು? ಅವ್ವ ತನ್ನ ಹಾಸಿಗೆಯಿಂದ ಕಾಣುವ ಗೋಪುರವನ್ನೇ ನಾವೂ ಊಟಕ್ಕೆ ಕುಳಿತಲ್ಲಿಂದ ಕಾಣುತ್ತೇವೆ.

ಒಂದು ಎಳೆ ತಪ್ಪಿದರೆ ಹೋದ ಸೂಜಿ ಹೊರಟ ಜಾಗಕ್ಕೆ ಮರಳದು. ಲೆಕ್ಕ ತಾಳೆಯಾಗದ ಸಂಜೆಗಳನ್ನು ಕಂಡ ನಮಗೆ ಈ ಸಂಕಟ ಹೊಸದಲ್ಲ. ಬ್ಯಾಂಕಿನಲ್ಲಾದರೆ ಈಗ ಕಂಪ್ಯೂಟರ್ ತಪ್ಪು ತೋರಿಸುತ್ತದೆ. ಇಲ್ಲಿ ಬಿಚ್ಚಿಯೇ ತೀರಬೇಕು.

ನಮ್ಮ ಅವಸರದ ಫಲವನ್ನೂ ಹೇಳಿಬಿಡೋಣ. ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿಸಿ ಕೊಟ್ಟವರು ನಾವೇ. ಮೊದಲ ಒಗೆತಕ್ಕೆ ಅದು ನಾಲ್ಕು ಬೆರಳು ಗಿಡ್ಡವಾಯಿತು. ಕೆಂಪು ದಾರವೂ ಬಣ್ಣ ಬಿಟ್ಟು ಆನೆಯ ಕಾಲ ಬಳಿ ಕಲೆಯಾಯಿತು. ದಾರವನ್ನು ಒದ್ದೆ ಮಾಡಿ ಬಿಳಿ ಅರಿವೆಯಲ್ಲಿ ಒತ್ತಿ ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು. ನಮ್ಮ ಮನೆಯವರು ಕಣ್ಣೀರು ಹಾಕಿದರು. ಅವ್ವ ಏನೂ ಆಡದೆ ಟ್ರಂಕು ತೆರೆದು, ಮೈ ಹರಿದ ತನ್ನ ಇಳಕಲ್ ಸೀರೆಯ ಅಂಚನ್ನು ಬಿಡಿಸಿ ಪರದೆಯ ಕೆಳಗೆ ಜೋಡಿಸಿದಳು. ಅದು ತಂದೆಯವರು ಕೊಡಿಸಿದ ಸೀರೆ. ಉದ್ದ ಸರಿಹೋಯಿತು. ಕಲೆ ಹಾಗೆಯೇ ಇದೆ.

ಈಗ ಅವ್ವನಿಗೆ ಸಂಜೆಯ ಬೆಳಕಿನಲ್ಲಿ ಎಳೆ ಕಾಣುವುದಿಲ್ಲ. ಮಗಳು ಶಾಲೆಯಿಂದ ಬಂದು ಪಕ್ಕದಲ್ಲಿ ಕುಳಿತು ಎಣಿಸಿಕೊಡುತ್ತಾಳೆ. ಇಂಗ್ಲಿಷಿನಲ್ಲಿ ಎಣಿಸಿದರೆ ಅಜ್ಜಿ ಸೂಜಿ ಎತ್ತುವುದಿಲ್ಲ. ಆದ್ದರಿಂದ ಒಂದು, ಎರಡು, ಮೂರು, ನಾಲ್ಕು ಎಂದು ನಮ್ಮ ನಡುಮನೆಯಲ್ಲಿ ದಿನವೂ ಕೇಳಿಬರುತ್ತಿದೆ. ಗೋಪುರ, ತುಳಸಿಕಟ್ಟೆ, ಆನೆ ಮುಗಿದಿವೆ. ತೇರಿಗೆ ಇನ್ನೂ ಎರಡು ಗಾಲಿ ಬಾಕಿ. ಕಸೂತಿ ಬಲ್ಲ ತಾಯಂದಿರು ಈ ಸಭೆಯಲ್ಲಿದ್ದರೆ ಒಂದು ಭಾನುವಾರ ನಮ್ಮಲ್ಲಿಗೆ ದಯಮಾಡಿಸಬೇಕು. ಅವ್ವನಿಗೆ ಮಾತಿಗೆ ಜೊತೆ ಬೇಕಾಗಿದೆ.