ರದ್ದಿಗೆ ಹಾಕುವ ಮುನ್ನ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹಳೆಯ ಸಚಿತ್ರ ಪತ್ರಿಕೆಗಳನ್ನು ಕೂಡಿಡುವ ನನ್ನ ಹವ್ಯಾಸದ ಬಗ್ಗೆ ನಾಲ್ಕು ಮಾತು ಹೇಳಲು ಮುಖ್ಯಗುರುಗಳು ಅಪ್ಪಣೆ ಮಾಡಿದ್ದಾರೆ. ‘ಓದಿ ಮುಗಿದದ್ದನ್ನು ಯಾಕೆ ಇಟ್ಟುಕೊಳ್ಳುತ್ತೀರಿ?’ ಎಂದು ಕೇಳುವವರು ಬಹಳ. ನಮ್ಮ ಭಾಗದ ಮನೆಗಳಿಗೆ ಕನ್ನಡದ ಓದು ಹೇಗೆ ಬಂತು ಎಂಬುದಕ್ಕೆ ಅವು ಸಾಕ್ಷಿ ಎಂಬುದೇ ನನ್ನ ಉತ್ತರ.

ನಿಜಾಮರ ಕಾಲದಲ್ಲಿ ಇಲ್ಲಿ ಸರ್ಕಾರದ ಭಾಷೆ ಉರ್ದು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಮರುವರ್ಷವೇ ಮದ್ರಾಸಿನಿಂದ ಕನ್ನಡ ‘ಚಂದಮಾಮ’ ಬರತೊಡಗಿತು. ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ್ದ ಪತ್ರಿಕೆ ಅದು. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’ ಬಂದವು. ಚಿತ್ರದ ಆಸೆಗೆ ಪುಸ್ತಕ ಹಿಡಿದ ಹುಡುಗ ಕಥೆಯ ಆಸೆಗೆ ಅಕ್ಷರ ಕೂಡಿಸಿ ಓದಿದ. ಓದು ಬಾರದ ಅಜ್ಜಿ ಅದೇ ಚಿತ್ರ ನೋಡಿ ಮೊಮ್ಮಕ್ಕಳಿಗೆ ಕಥೆ ಹೇಳಿದಳು.

ಹೆಣವನ್ನು ಹೆಗಲಿಗೇರಿಸಿ, ಕತ್ತಿ ಹಿಡಿದು ನಡೆಯುವ ವಿಕ್ರಮರಾಜನನ್ನು ಮರೆತವರು ಯಾರು? ಆ ಚಿತ್ರ ಬರೆದವರು ಶಂಕರ್. ಮುಖಪುಟಗಳನ್ನು ಬೆಳಗಿಸಿದವರಲ್ಲಿ ನಮ್ಮ ಕನ್ನಡದವರೇ ಆದ ಎಂ.ಟಿ.ವಿ. ಆಚಾರ್ಯ, ತೆಲುಗಿನ ವಡ್ಡಾದಿ ಪಾಪಯ್ಯ ಇದ್ದರು. 2013ರಲ್ಲಿ ‘ಚಂದಮಾಮ’ ನಿಂತೇ ಹೋಯಿತು. ಉಳಿದಿರುವುದು ನಮ್ಮ ನಿಮ್ಮ ಟ್ರಂಕುಗಳಲ್ಲಿ ಇರುವಷ್ಟೇ.

ಒಂದು ಮಾತು ಗಮನಿಸಿರಿ. ಹಳೆಯ ಪುಸ್ತಕದ ವ್ಯಾಪಾರಿ ಕಲೆಯಿಲ್ಲದ, ಹೆಸರು ಬರೆಯದ ಪ್ರತಿಗೆ ಹೆಚ್ಚು ಬೆಲೆ ಕೊಡುತ್ತಾನೆ. ನನ್ನ ಲೆಕ್ಕ ಬೇರೆ. ‘ಏಳನೆಯ ತರಗತಿ, ಶಹಾಬಾದ’ ಎಂದು ಮಸಿಯಲ್ಲಿ ಬರೆದಿದ್ದರೆ, ವಾಚನಾಲಯದ ಸಿಕ್ಕೆ ಇದ್ದರೆ, ನಮ್ಮ ಊರಿಗೆ ಆ ಪ್ರತಿಯೇ ಹೆಚ್ಚಿನದು. ಕಥೆ ಬೇರೆಲ್ಲಾದರೂ ಸಿಕ್ಕೀತು. ಅದನ್ನು ಇಲ್ಲಿ ಯಾರು ಓದಿದರು ಎಂಬುದು ಮತ್ತೆಲ್ಲಿಯೂ ಸಿಗದು.

ನಮ್ಮ ಶಹಾಬಾದಿ ಪರಸಿ ಮಳೆ ಬಿಸಿಲಿಗೆ ಜಗ್ಗುವುದಿಲ್ಲ, ಕಾಗದ ಹಾಗಲ್ಲ. ಬಿಸಿಲು ಬೀಳದ ಕಡೆ, ಗೋಡೆಯ ತೇವ ತಾಗದಂತೆ ಅಡ್ಡಲಾಗಿ ಇಡಿರಿ. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬೇಡಿರಿ. ಅದರ ಅಂಟು ಕಾಲ ಕಳೆದಂತೆ ಕಾಗದವನ್ನೇ ಕಂದಿಸುತ್ತದೆ. ಬೈಂಡ್ ಮಾಡಿಸುವಾಗ ಅಂಚು ಕತ್ತರಿಸಲು ಬಿಡಬೇಡಿರಿ. ಚಿತ್ರಕಾರರ ಸಹಿ ಅನೇಕ ಸಲ ಮೂಲೆಯಲ್ಲೇ ಇರುತ್ತದೆ. ಜಾಹೀರಾತಿನ ಪುಟಗಳನ್ನೂ ಕಿತ್ತು ಹಾಕಬೇಡಿರಿ. ಆ ಕಾಲದ ಸಾಬೂನು, ಬಿಸ್ಕೀಟು, ಅವುಗಳ ಬೆಲೆ ತಿಳಿಯುವುದು ಅಲ್ಲಿಯೇ.

ದೀಪಾವಳಿಗೆ ಮನೆ ಸುಣ್ಣ ಮಾಡುವಾಗ ಅಟ್ಟದ ಗಂಟು ಕೆಳಗಿಳಿಯುತ್ತದೆ. ಐವತ್ತು ವರ್ಷದ ಓದು ಒಂದೇ ಗಳಿಗೆಯಲ್ಲಿ ತಕ್ಕಡಿ ಏರುತ್ತದೆ. ಅದಕ್ಕೂ ಮುನ್ನ ಗಂಟು ಬಿಚ್ಚಿ ನೋಡಿರಿ ಎಂಬುದೇ ನನ್ನ ಬಿನ್ನಹ. ಕೊಡಲು ಮನಸ್ಸಿದ್ದವರು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡಿರಿ. ಮನಸ್ಸು ಬಾರದವರು ಮನೆಯಲ್ಲೇ ಇಟ್ಟುಕೊಳ್ಳಿರಿ. ಪತ್ರಿಕೆಯ ಹೆಸರು, ತಿಂಗಳು, ವರ್ಷ, ಓದಿದವರ ಹೆಸರನ್ನಷ್ಟೇ ಮಕ್ಕಳ ಕೈಲಿ ಒಂದು ವಹಿಯಲ್ಲಿ ಬರೆಸಿರಿ. ಅಜ್ಜ ಅಜ್ಜಿ ಇರುವಾಗಲೇ ಕೇಳಿ ಬರೆಸಿರಿ.

ನನ್ನ ಬಳಿ ಇರುವವನ್ನು ಇಂದು ಕೋಣೆಯಲ್ಲಿ ಹರಡಿ ಇಟ್ಟಿದ್ದೇನೆ. ಮಕ್ಕಳು ಕೈ ತೊಳೆದುಕೊಂಡು ಬಂದು ಮುಟ್ಟಿ ನೋಡಬಹುದು, ಕುಳಿತು ಓದಬಹುದು.