ಮಲೆನಾಡಿನಲ್ಲೊಂದು ಮನೆ ಮಾರಾಟಕ್ಕಿದೆ



“ಮೂಡಿಗೆರೆಯ ಸಮೀಪದಲ್ಲಿ ಹಳೆಯ ಹೆಂಚಿನ ಮನೆ, ಸುತ್ತಲೂ ನಾಲ್ಕು ಎಕರೆ ಕಾಫಿ, ಅಂಗಳದ ಕೆಳಗೆ ಹಳ್ಳ, ಎದುರಿಗೆ ಬೆಟ್ಟಗಳ ಸಾಲು.” ಈ ಒಕ್ಕಣೆಯ ಪ್ರಕಟಣೆಗಳನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುವಿರಿ. ಪಟ್ಟಣದ ಗದ್ದಲದಲ್ಲಿ ಬೇಸತ್ತವನಿಗೆ ಇದನ್ನು ಓದಿದೊಡನೆ ಮನಸ್ಸು ಅತ್ತ ಹಾರುವುದು ಸಹಜ. ಆದರೆ ಪ್ರಕಟಣೆಯು ಹೇಳುವುದು ಕಣ್ಣಿಗೆ ಕಾಣುವುದನ್ನು ಮಾತ್ರ. ಅದು ಹೇಳದೆ ಬಿಟ್ಟ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಸೀಮೆಯಲ್ಲಿ ಮಾರಾಟಕ್ಕೆ ಬರುವ ಹಳೆಯ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ನಮ್ಮ ಒಕ್ಕಲುಮಕ್ಕಳ ತೊಟ್ಟಿಮನೆ: ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಕಂಬಗಳ ಸಾಲು, ಮುಂದೆ ಜಗಲಿ, ಮೇಲೆ ಅಟ್ಟ. ಇನ್ನೊಂದು, ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಆಂಗ್ಲ ತೋಟಗಾರರು ಕಟ್ಟಿಸಿದ ಬಂಗಲೆ: ಉದ್ದನೆಯ ವರಾಂಡ, ಎತ್ತರದ ಕೋಣೆಗಳು, ಗೋಡೆಯೊಳಗೊಂದು ಅಗ್ಗಿಷ್ಟಿಕೆ. ಈ ತೋಟಗಾರರ ಜೀವನವನ್ನು ತಿಳಿಯಬಯಸುವವರು ಮಂಜರಾಬಾದಿನ ಕಡೆ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಎಂಬವರು ಮೈಸೂರಿನ ಚಿನ್ನ, ಬೇಟೆ, ಕಾಫಿಗಳನ್ನು ಕುರಿತು 1894ರಲ್ಲಿ ಪ್ರಕಟಿಸಿದ ಗ್ರಂಥವನ್ನು ನೋಡಬಹುದು.

ಇವೆರಡರ ಸಂಪ್ರದಾಯ ಬೇರೆಯಾದರೂ ಎರಡಕ್ಕೂ ಯಜಮಾನನು ಒಬ್ಬನೇ, ಅವನು ಮಳೆರಾಯ. ಮೂಡಿಗೆರೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಘಟ್ಟದ ಅಂಚಿಗೆ ಹೋದಷ್ಟೂ ಅದು ಹೆಚ್ಚು. ಮಾಡು ಕಡಿದಾಗಿ ಇಳಿದಿರುವುದೂ, ಸೂರು ಗೋಡೆಯಿಂದ ಬಹು ಮುಂದಕ್ಕೆ ಚಾಚಿರುವುದೂ ಅಂದಕ್ಕಾಗಿ ಅಲ್ಲ; ಮಣ್ಣಿನ ಗೋಡೆಗೆ ಇರಿಚಲು ತಾಗಬಾರದೆಂದು. ಮಳೆ ಬಡಿಯುವ ದಿಕ್ಕಿಗೆ ಅಡಕೆಯ ಸೋಗೆಯ ತಟ್ಟಿ ಕಟ್ಟುವುದೂ ಇದೇ ಕಾರಣದಿಂದ. ಹಿಂದೆ ಮಾಡಿಗೆ ಹುಲ್ಲನ್ನು ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಕೆಂಪು ಹೆಂಚು ಕ್ರಮೇಣ ಘಟ್ಟವನ್ನೇರಿ ಬಂದಿತು. ಇಂದು ನಾವು ಮಲೆನಾಡಿನ ಮನೆಯ ಲಕ್ಷಣವೆಂದೇ ಎಣಿಸುವ ಕೆಂಪು ಮಾಡು ಹೀಗೆ ಕರಾವಳಿಯಿಂದ ಬಂದ ಅತಿಥಿ.

ಮಳೆಯು ಕಟ್ಟಿಸಿದ ಮನೆಯನ್ನು ಕಾಪಾಡುವುದು ಒಲೆ. ಇದು ಪಟ್ಟಣಿಗರಿಗೆ ಬೇಗ ಹೊಳೆಯದ ವಿಷಯ. ಅಡುಗೆಯ ಮನೆಯ ಹೊಗೆ, ಬಚ್ಚಲ ಹಂಡೆಯ ಬೆಂಕಿ, ಇವು ದಿನವೂ ಅಟ್ಟಕ್ಕೇರಿ ಪಕಾಸು ರೀಪುಗಳನ್ನು ಒಣಗಿಸುತ್ತವೆ. ಹುಳು ಹಿಡಿಯದಂತೆ ಕಾಯುತ್ತವೆ. ಜನ ಓಡಾಡುತ್ತಿದ್ದರೆ ಒಡೆದ ಹೆಂಚು ಅಂದೇ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದೇ ಒಂದು ಹೆಂಚಿನ ಸಂದಿಯಿಂದ ನೀರಿಳಿದು, ಒಂದು ಮಳೆಗಾಲದಲ್ಲಿ ರೀಪು, ಎರಡನೆಯದರಲ್ಲಿ ಪಕಾಸು, ಅನಂತರ ಗೋಡೆಯ ತಲೆ ಕರಗುತ್ತವೆ. ನೂರು ವರ್ಷ ವಾಸವಿದ್ದು ಹಾಳಾಗದ ಮನೆ ಐದು ವರ್ಷ ಬೀಗದೊಳಗಿದ್ದು ಹಾಳಾಗುವುದು ಆ ಸೀಮೆಯವರಿಗೆ ಹೊಸ ನೋಟವಲ್ಲ. ಭದ್ರಪಡಿಸುವೆವೆಂದು ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತುವವರೂ ಉಂಟು. ಗೋಡೆಯೊಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಒಳಗಿಂದೊಳಗೇ ಸಡಿಲವಾಗುತ್ತದೆ.

ಹಾಗಾದರೆ ಇಂತಹ ಮನೆಗಳು ಮಾರಾಟಕ್ಕೆ ಏಕೆ ಬರುತ್ತವೆ? ತೋಟವನ್ನು ನಾಲ್ಕು ಪಾಲು ಮಾಡಬಹುದು. ತೊಟ್ಟಿಯನ್ನು ನಾಲ್ಕು ಪಾಲು ಮಾಡಲಾಗದು. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲಸಿರುತ್ತಾರೆ. ಹಳೆಯ ಮನೆಯಲ್ಲಿ ವೃದ್ಧ ತಾಯಿಯೊಬ್ಬಳೇ ಉಳಿದಿರುತ್ತಾಳೆ. 2001ರ ಸುಮಾರಿನಲ್ಲಿ ಲೋಕದಾದ್ಯಂತ ಕಾಫಿಯ ಬೆಲೆ ಕುಸಿದಾಗ ಅನೇಕ ಸಣ್ಣ ಬೆಳೆಗಾರರು ಸಾಲದ ಹೊರೆಯಿಂದ ಬಾಗಿದರು. ಮಾರುವವನು ಸಂತೋಷದಿಂದ ಮಾರುತ್ತಾನೆಂದು ಭಾವಿಸಬೇಡಿರಿ. ಅವನೊಡನೆ ಬೆಲೆಯ ಮಾತನ್ನಾಡುವಾಗ ಇದು ನೆನಪಿನಲ್ಲಿರಲಿ.

ಕೊಳ್ಳುವವರು ವಿಚಾರಿಸಬೇಕಾದುದು ಏನೇನು? 2020ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಕೃಷಿಕರಲ್ಲದವರೂ ಜಮೀನನ್ನು ಕೊಳ್ಳಬಹುದಾಗಿದೆ. ಆದಕಾರಣ ಅನುಮತಿಯ ತೊಡಕು ಕಡಮೆ. ಆದರೆ ಹಕ್ಕಿನ ತೊಡಕು ಹಾಗೆಯೇ ಇದೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಸಮಭಾಗ ಬಂದಿರುವುದರಿಂದ, ಅಣ್ಣತಮ್ಮಂದಿರ ರುಜುವಿನೊಡನೆ ಅಕ್ಕತಂಗಿಯರ ರುಜುವೂ ಇದೆಯೇ ಎಂದು ನೋಡಬೇಕು. ಮನೆಗೆ ಹೋಗುವ ದಾರಿ ಯಾರ ತೋಟದೊಳಗಿದೆ? ಹಳ್ಳದ ನೀರಿನಲ್ಲಿ ಕೆಳಗಿನ ಗದ್ದೆಯವರಿಗೆ ಪಾಲುಂಟೆ? ಲೈನು ಮನೆಯಲ್ಲಿ ಎರಡು ತಲೆಮಾರಿನಿಂದ ಇರುವ ಕೂಲಿಯ ಸಂಸಾರಗಳಿಗೆ ಮುಂದೇನು? ಕ್ರಯಪತ್ರದಲ್ಲಿ ಅವರ ಹೆಸರಿರುವುದಿಲ್ಲ; ಆದರೆ ತೋಟದ ಪ್ರತಿಯೊಂದು ಗಿಡವನ್ನೂ ಬಲ್ಲವರು ಅವರೇ.

ಇನ್ನು ನೆಲದ ಮಾತು. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡಗಳು ಜಾರಿ ಮನೆಗಳೂ ತೋಟಗಳೂ ನಾಶವಾದುವು. ಹಿರಿಯರು ಮನೆ ಕಟ್ಟುವಾಗ ನೀರಿನ ದಾರಿಯನ್ನು ಬಿಟ್ಟು ಕಟ್ಟುತ್ತಿದ್ದರು. ಒಳ್ಳೆಯ ನೋಟಕ್ಕಾಗಿ ಗುಡ್ಡದ ಓರೆಯನ್ನು ಕಡಿದು, ಹಳೆಯ ಮನೆಯ ಪಕ್ಕದಲ್ಲಿ ಹೊಸ ಕೋಣೆಗಳನ್ನು ಏರಿಸಬೇಕೆಂದಿರುವವರು ಆ ವರ್ಷವನ್ನು ಮರೆಯಬಾರದು.

ನಿಮ್ಮೊಡನೆ ಪೈಪೋಟಿಗೆ ಬರುವ ಇನ್ನೊಬ್ಬ ಗಿರಾಕಿಯೂ ಉಂಟು. ಅವನಿಗೆ ಮನೆ ಬೇಡ. ಬೀಟೆಯ ಕಂಬ, ಹಲಸಿನ ಬಾಗಿಲುವಾಡ, ಕೆತ್ತನೆಯ ತೊಲೆ ಇವು ಸಾಕು. ಕೆಲವೇ ದಿನಗಳಲ್ಲಿ ಮನೆ ಕಳಚಿ ಲಾರಿಯೇರುತ್ತದೆ. ಬಾಗಿಲು ಒಂದು ಊರಿನ ಹೋಟೆಲಿಗೂ ಕಂಬಗಳು ಇನ್ನೊಂದು ಊರಿನ ದಿವಾನಖಾನೆಗೂ ಸೇರುತ್ತವೆ. ಕಳಚಿದುದೆಲ್ಲವೂ ಹೀಗೆ ಚದರಿಹೋಗಬೇಕಾದುದಿಲ್ಲ. 2017ರಲ್ಲಿ ದಿವಂಗತರಾದ ವಿಜಯನಾಥ ಶೆಣೈಯವರು ಅಳಿವಿನಂಚಿನ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿಮನೆಯನ್ನು ಇಂದೂ ಅಲ್ಲಿ ನೋಡಬಹುದು. ಅದು ಮಹತ್ಕಾರ್ಯವೇ ಸರಿ. ಆದರೂ ಅಲ್ಲಿ ಮನೆ ಉಳಿದಿದೆ, ಅದರ ಒಲೆ ಉಳಿದಿಲ್ಲ. ಇದ್ದ ಸ್ಥಳದಲ್ಲಿಯೇ ಮನೆಯನ್ನು ಉಳಿಸಬಲ್ಲವನು, ಅದರಲ್ಲಿ ವಾಸಮಾಡುವವನು ಮಾತ್ರ.

ಆದಕಾರಣ ನನ್ನ ಸೂಚನೆ ಇಷ್ಟೇ. ಕಾಫಿ ಹೂ ಬಿಟ್ಟು ಬೆಟ್ಟವೆಲ್ಲ ಮಲ್ಲಿಗೆಯಂತೆ ಕಂಪಿಡುವ ಮಾರ್ಚ್ ತಿಂಗಳಲ್ಲಿ ಮನೆ ನೋಡಿ ಮುಂಗಡ ಕೊಡಬೇಡಿರಿ. ಆಗ ಯಾವ ಮನೆಯಾದರೂ ಚೆಲುವಾಗಿಯೇ ಕಾಣುತ್ತದೆ. ಜುಲೈ ತಿಂಗಳಲ್ಲಿ ಹೋಗಿರಿ. ಬಟ್ಟೆ ಒಣಗದ, ದೀಪ ಉರಿಯದ, ಜಿಗಣೆಗಳು ಮೆಟ್ಟಿಲವರೆಗೂ ಬರುವ ಒಂದು ವಾರವನ್ನು ಅಲ್ಲಿ ಕಳೆಯಿರಿ. ಎಲ್ಲಿ ಸೋರುತ್ತದೆ, ನೆರೆಯವರು ಯಾರು, ನೀರು ಎತ್ತ ಹರಿಯುತ್ತದೆ ಎಂಬುದೆಲ್ಲ ಆಗ ತಾನಾಗಿ ತಿಳಿಯುತ್ತದೆ. ಅನಂತರವೂ ಮನಸ್ಸು ಒಪ್ಪಿದರೆ ಧಾರಾಳವಾಗಿ ಕೊಳ್ಳಿರಿ. ವರ್ಷವೆಲ್ಲ ನೀವೇ ಇರಲಾರದೆ ಹೋದರೆ, ಆ ಊರಿನ ಒಂದು ಸಂಸಾರವನ್ನಾದರೂ ಮನೆಯಲ್ಲಿರಿಸಿ, ಅವರಿಗೆ ತಕ್ಕ ಸಂಬಳ ಕೊಟ್ಟು, ದಿನಕ್ಕೊಮ್ಮೆ ಒಲೆ ಹೊತ್ತುವಂತೆ ನೋಡಿಕೊಳ್ಳಿರಿ. ಇದಕ್ಕೆ ಮನಸ್ಸಿಲ್ಲದವರು ಆ ಹಣದಲ್ಲಿ ಪಟ್ಟಣದಲ್ಲಿಯೇ ಒಂದು ನಿವೇಶನವನ್ನು ಕೊಳ್ಳುವುದು ಲೇಸು. ಬರಿಯ ನಿವೇಶನಕ್ಕೆ ಬೀಗ ಹಾಕಿದರೂ ಅದು ಸೋರುವುದಿಲ್ಲ.